ಅಡಿಗೆಮನೆಯ ಮರದ ಕಪಾಟು: ತೂತು ಮುಚ್ಚುವ ಮೊದಲು

ನಮ್ಮ ಕಾಸರಗೋಡಿನ ಕಡೆಯ ಹಳೆಯ ಮನೆಗಳಲ್ಲಿ ಅಡಿಗೆಮನೆಯ ಒಂದು ಮೂಲೆಗೆ ಹಲಸಿನ ಮರದ ಕಪಾಟು ಒಂದು ಇದ್ದೇ ಇರುತ್ತದೆ. ಉಪ್ಪಿನಕಾಯಿ ಭರಣಿ, ಬೆಲ್ಲದ ಡಬ್ಬಿ, ಹಪ್ಪಳ, ಹುಣಿಸೆಹುಳಿ, ಮಕ್ಕಳಿಗೆಂದು ಮಾಡಿಟ್ಟ ಚಕ್ಕುಲಿ ಎಲ್ಲವೂ ಅದರೊಳಗೆ. ಅಜ್ಜನ ಕಾಲದಲ್ಲಿ ಮಾಡಿಸಿದ್ದೆಂದು ಹೇಳಿಕೊಳ್ಳುವುದಕ್ಕೆ ಒಂದು ಹೆಮ್ಮೆಯೂ ಉಂಟು. ಆದರೆ ಮಳೆಗಾಲ ಕಳೆದು ಒಮ್ಮೆ ಸಾಮಾನು ಹೊರಗೆ ತೆಗೆದು ನೋಡಿದರೆ ಅಲ್ಲೊಂದು ತೂತು, ಇಲ್ಲೊಂದು ತೂತು. ಬಾಗಿಲಿನ ಬಿಜಾಗರಿ ಸಡಿಲವಾಗಿರುತ್ತದೆ. ಕಾಲು ಕುಂಬಾಗಿರುತ್ತದೆ. ಹಿಂದಿನ ಹಲಗೆಯಲ್ಲಿ ಇಲಿ ದಾರಿ ಮಾಡಿರುತ್ತದೆ. ಆಗ ನಾವು ಮಾಡುವುದೇನು? ಪೇಟೆಯಿಂದ ಒಂದು ಡಬ್ಬಿ ಪುಟ್ಟಿ ತಂದು, ಕಂಡ ಕಂಡ ತೂತಿಗೆಲ್ಲ ಮೆತ್ತಿ, ಮೇಲಿಂದ ಬಣ್ಣ ಬಳಿದು, ಕೆಲಸ ಮುಗಿಯಿತೆಂದು ಸಮಾಧಾನಪಟ್ಟುಕೊಳ್ಳುವುದು.

ನಾವೂ ಹಾಗೆಯೇ ಮಾಡಿದವರು. ಒಂದು ವರುಷ ದೀಪಾವಳಿಯ ಹೊತ್ತಿಗೆ ನಮ್ಮ ಮನೆಯ ಕಪಾಟಿನ ತೂತುಗಳನ್ನೆಲ್ಲ ಅಂದವಾಗಿ ಮುಚ್ಚಿದೆವು. ಬಣ್ಣವೂ ಆಯಿತು. ಮನೆಯವರು ಮೆಚ್ಚಿಕೊಂಡರು. ಮುಂದಿನ ಏಪ್ರಿಲಿನಲ್ಲಿ ನಡುವಿನ ಹಲಗೆ ಮಾವಿನಮಿಡಿಯ ಭರಣಿಯ ಸಮೇತ ಮುರಿದು ಕೆಳಗೆ ಬಿತ್ತು. ಮುರಿದ ಹಲಗೆಯನ್ನು ಎತ್ತಿ ನೋಡಿದರೆ ಮೇಲೆ ಬಣ್ಣದ ಪದರ, ಒಳಗೆ ಹಿಟ್ಟು. ಕುಟ್ಟೆಯ ಮರಿಹುಳಗಳು ಆ ಹಿಟ್ಟಿನೊಳಗೆ ನೆಮ್ಮದಿಯಾಗಿದ್ದವು. ನಾವು ತೂತನ್ನು ಮುಚ್ಚಿದ್ದೆವೇ ಹೊರತು ತೂತು ಯಾಕಾಯಿತೆಂದು ಕೇಳಿರಲಿಲ್ಲ. ಈ ಲೇಖನದಲ್ಲಿ ಅದನ್ನೇ ಮೊದಲು ಕೇಳಿ, ಮತ್ತೆ ಮುಚ್ಚುವ ಕ್ರಮವನ್ನು ನೋಡುವಾ.

ತೂತಿನ ಜಾತಿ

ವೈದ್ಯರು ರೋಗ ತಿಳಿಯದೆ ಮದ್ದು ಕೊಡುವುದಿಲ್ಲ. ಮರದ ತೂತಿಗೂ ಇದೇ ಮಾತು. ತೂತಿನ ಗಾತ್ರ, ಅದರ ಅಂಚು, ಅದರಿಂದ ಉದುರುವ ಪುಡಿ, ಈ ಮೂರನ್ನು ನೋಡಿದರೆ ಬಹಳಷ್ಟು ತಿಳಿಯುತ್ತದೆ.

1. ಕುಟ್ಟೆ. ಗುಂಡುಸೂಜಿಯ ತಲೆಯಷ್ಟು, ಅಂದರೆ 1ರಿಂದ 2 ಮಿಲಿಮೀಟರಿನ ದುಂಡು ತೂತು. ಬೆರಳಿನಿಂದ ತಟ್ಟಿದರೆ ಗೋಧಿಹಿಟ್ಟಿನಂಥ ನುಣ್ಣನೆಯ ಪುಡಿ ಉದುರುತ್ತದೆ. ಇದೇ ಬಳಗದ ದೊಡ್ಡ ಜಾತಿಯದು 3ರಿಂದ 6 ಮಿಲಿಮೀಟರಿನ ತೂತು ಮಾಡುತ್ತದೆ. ಇವು ಮರದ ಬಿಳಿ ಭಾಗವನ್ನೇ ಹುಡುಕಿ ತಿನ್ನುತ್ತವೆ, ಯಾಕೆಂದರೆ ಅಲ್ಲಿ ಪಿಷ್ಟವಿರುತ್ತದೆ. ಹಲಸಿನ ಹಳದಿ ಚೇಗನ್ನು, ತೇಗದ ಕಂದು ಚೇಗನ್ನು ಇವು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಒಂದೇ ಹಲಗೆಯ ಒಂದು ಅಂಚು ಹಿಟ್ಟಾಗಿ ಇನ್ನೊಂದು ಅಂಚು ಕಬ್ಬಿಣದಂತಿರುವುದು ಇದೇ ಕಾರಣದಿಂದ.

2. ಒರಲೆ. ಇದನ್ನು ಗೆದ್ದಲು ಎಂದೂ ಹೇಳುತ್ತಾರೆ. ಇದು ಮಣ್ಣಿನಿಂದ ಬರುವ ಹುಳ. ಗೋಡೆಯ ಮೇಲೆ, ಕಪಾಟಿನ ಹಿಂದೆ ಮಣ್ಣಿನ ನಾಳ ಕಟ್ಟಿಕೊಂಡು ಬರುತ್ತದೆ. ಹಿಟ್ಟು ಉದುರುವುದಿಲ್ಲ. ಮರದೊಳಗೆ ಪೊಳ್ಳು ಮಾಡಿ ಅಲ್ಲಲ್ಲಿ ಮಣ್ಣು ತುಂಬಿಸಿರುತ್ತದೆ. ಹೊರಗಿನ ಪದರವನ್ನು ಮಾತ್ರ ತೆಳುವಾಗಿ ಉಳಿಸುತ್ತದೆ. ಬೆರಳಿನ ಗೆಣ್ಣಿನಿಂದ ಬಡಿದರೆ ಡೊಳ್ಳಿನಂಥ ಸದ್ದು ಬರುವುದು.

3. ಹಸಿಮರದ ಹುಳ. ಸಣ್ಣ ದುಂಡು ತೂತು, ಆದರೆ ಅದರ ಗೋಡೆ ಕಪ್ಪಾಗಿರುತ್ತದೆ, ಪುಡಿ ಇರುವುದಿಲ್ಲ. ಮರ ಕಡಿದು ಹಸಿಯಾಗಿದ್ದಾಗ ಹೊಕ್ಕ ಹುಳದ ಗುರುತು ಇದು. ಮರ ಒಣಗಿದ ಮೇಲೆ ಆ ಹುಳ ಬದುಕುವುದಿಲ್ಲ. ಆದುದರಿಂದ ಇದಕ್ಕೆ ಮದ್ದು ಬೇಡ, ಮುಚ್ಚಿದರೆ ಸಾಕು.

4. ಇಲಿ. ಅಂಚು ಒರಟು, ಹಲ್ಲಿನ ಗೀರು ಎದ್ದು ಕಾಣುತ್ತದೆ. ಹೆಚ್ಚಾಗಿ ಹಲಗೆಯ ಮೂಲೆಯಲ್ಲಿ ಅಥವಾ ಎರಡು ಹಲಗೆ ಕೂಡುವಲ್ಲಿ ಇರುತ್ತದೆ.

5. ನಮ್ಮ ಕೈಯ ತೂತು. ಮೊಳೆ ಕಿತ್ತದ್ದು, ತಿರುಪು ಸವೆದದ್ದು, ಕೊಂಡಿ ಬದಲಿಸಿದ್ದು.

ಇವಲ್ಲದೆ ನೀರು ತಾಗಿ ಕುಂಬಾದ ಭಾಗವೊಂದಿದೆ. ಉಗುರಿನಿಂದ ಒತ್ತಿದರೆ ಕುಸಿಯುವ ಮರ ಅದು. ಅದನ್ನು ತೂತೆಂದು ಎಣಿಸಬಾರದು, ಹುಣ್ಣೆಂದು ಎಣಿಸಬೇಕು.

ಹುಳ ಇದೆಯೋ ಹೋಯಿತೋ?

ಇಲ್ಲಿ ಹೆಚ್ಚಿನವರಿಗೆ ತಿಳಿಯದ ಒಂದು ಸಂಗತಿಯನ್ನು ಹೇಳಬೇಕು. ಕುಟ್ಟೆಯ ತೂತು ಹುಳ ಒಳಗೆ ಹೊಕ್ಕ ಬಾಗಿಲೆಂದು ನಾವು ತಿಳಿಯುತ್ತೇವೆ. ನಿಜವಾಗಿ ಅದು ಹೊರಗೆ ಹೋದ ಬಾಗಿಲು. ತಾಯಿಹುಳ ಮರದ ಮೇಲ್ಮೈಯಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮರಿ ಮರದೊಳಗೇ ತಿಂದು ಬೆಳೆಯುತ್ತದೆ. ಇದಕ್ಕೆ ಕೆಲವು ತಿಂಗಳು ಹಿಡಿಯಬಹುದು, ಒಂದೆರಡು ವರುಷವೂ ಹಿಡಿಯಬಹುದು. ಕೊನೆಗೆ ರೆಕ್ಕೆ ಬಂದ ಮೇಲೆ ಮರವನ್ನು ಕೊರೆದು ಹೊರಗೆ ಹಾರುತ್ತದೆ. ನಾವು ಕಾಣುವ ತೂತು ಆಗ ಆದದ್ದು. ಅಂದಮೇಲೆ ಕಂಡ ತೂತನ್ನು ಮುಚ್ಚಿದರೆ ಹುಳ ಸಾಯುವುದಾದರೂ ಹೇಗೆ? ಅದು ಆಗಲೇ ಹೋಗಿಯಾಗಿದೆ. ಉಳಿದ ಮರಿಗಳು ಬೇರೆ ಕಡೆಯಲ್ಲಿ ತಿನ್ನುತ್ತಾ ಇರುತ್ತವೆ.

ಹುಳ ಜೀವದಿಂದಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಕಪಾಟನ್ನು ಚೆನ್ನಾಗಿ ಗುಡಿಸಿ, ತೂತುಗಳ ಮೇಲೆ ತಟ್ಟಿ ಹಳೆಯ ಪುಡಿಯನ್ನು ಉದುರಿಸಿರಿ. ಈಗಿರುವ ತೂತುಗಳ ಸುತ್ತ ಪೆನ್ಸಿಲಿನಿಂದ ಒಂದೊಂದು ಸುತ್ತು ಗುರುತು ಹಾಕಿರಿ. ಕೆಳಗೆ ಕಪ್ಪು ಕಾಗದ ಹಾಸಿರಿ. ಎರಡು ವಾರ ಬಿಟ್ಟು ನೋಡಿರಿ. ಕಾಗದದ ಮೇಲೆ ಬಿಳಿ ಹಿಟ್ಟು ಬಿದ್ದಿದ್ದರೆ, ಗುರುತಿಲ್ಲದ ಹೊಸ ತೂತು ಕಂಡರೆ, ಹುಳ ಇದೆಯೆಂದು ಅರ್ಥ. ಏನೂ ಇಲ್ಲದಿದ್ದರೂ ಒಮ್ಮೆಲೇ ನಂಬಬಾರದು. ಹುಳ ಹೊರಡುವುದು ಹೆಚ್ಚಾಗಿ ಸೆಕೆಯ ದಿನಗಳಲ್ಲಿ. ಆದುದರಿಂದ ಮಾರ್ಚಿಯಿಂದ ಮೇ ತಿಂಗಳ ತನಕ ಒಮ್ಮೆ ನೋಡಿದರೆ ಗಟ್ಟಿ.

ತೋಟದ ಮದ್ದು ಅಡಿಗೆಮನೆಗೆ ಬೇಡ

ಹುಳವಿದೆಯೆಂದು ತಿಳಿದ ಕೂಡಲೆ ನಮ್ಮ ಕೈ ಎಲ್ಲಿಗೆ ಹೋಗುತ್ತದೆ? ಕೊಟ್ಟಿಗೆಯ ಮಾಡಿನ ಸಂದಿಯಲ್ಲಿ ಕಂಗಿಗೋ ಗೇರಿಗೋ ಬಿಟ್ಟು ಉಳಿದ ಮದ್ದಿನ ಬಾಟ್ಲಿಗೆ. ಒಂದಿಷ್ಟು ಹನಿ ತೂತಿಗೆ ಬಿಟ್ಟರೆ ಆಯಿತಲ್ಲ ಎಂದು ನಮಗೂ ಒಬ್ಬರು ಸಲಹೆ ಕೊಟ್ಟರು. ಈ ಕೆಲಸವನ್ನು ಎಂದಿಗೂ ಮಾಡಬಾರದು. ತೋಟದಲ್ಲಿ ಬಿಟ್ಟ ಮದ್ದನ್ನು ಮಳೆ ಬಿಸಿಲುಗಳು ಒಂದಲ್ಲ ಒಂದು ದಿನ ತೊಳೆದಾವು, ಒಡೆದಾವು. ಮುಚ್ಚಿದ ಕಪಾಟಿನೊಳಗೆ ಬಿಟ್ಟದ್ದು ಅಲ್ಲೇ ಕುಳಿತು ಆವಿಯಾಗುತ್ತಾ ಬೆಲ್ಲಕ್ಕೂ ಹಪ್ಪಳಕ್ಕೂ ಸೇರುತ್ತದೆ. ವಿಷವೆಂದರೆ ಏನೆಂಬುದನ್ನು ನಮ್ಮ ಜಿಲ್ಲೆಯವರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ ವಿಮಾನದಿಂದ ವರುಷಗಟ್ಟಲೆ ಎರಚಿದ ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟು ದೇಶದಲ್ಲಿ ತಡೆದದ್ದು 2011ರ ಮೇ 13ರಂದು. ಅಷ್ಟರೊಳಗೆ ಎಷ್ಟು ಮನೆಗಳಲ್ಲಿ ಏನೇನು ನಡೆದುಹೋಗಿತ್ತೆಂಬುದು ಎಣ್ಮಕಜೆಯ, ಮುಳಿಯಾರಿನ ಕಡೆಯವರಿಗೆಲ್ಲ ಗೊತ್ತಿದೆ.

ಅಂಗಡಿಯಲ್ಲಿ ಸಿಗುವ ಡಬ್ಬಿಯ ಮೇಲಿನ ಬರಹ ನಮ್ಮಲ್ಲಿ ಹೆಚ್ಚಿನವರಿಗೆ ಓದಲಿಕ್ಕಾಗುವುದಿಲ್ಲ. ಅದು ಇಂಗ್ಲೀಷಿನಲ್ಲೋ ಮಲೆಯಾಳದಲ್ಲೋ ಇರುತ್ತದೆ. ಓದಲಿಕ್ಕಾಗದವರು ಬಣ್ಣ ನೋಡಬಹುದು. ಕೀಟನಾಶಕದ ಡಬ್ಬಿಯ ಮೇಲೆ ಓರೆಯಾಗಿ ನಿಲ್ಲಿಸಿದ ಚೌಕದ ಗುರುತು ಇರುತ್ತದೆ. ಅದರ ಕೆಳಗಿನ ಅರ್ಧ ಕೆಂಪಾಗಿದ್ದರೆ ಅತಿ ಉಗ್ರ ವಿಷ, ಹಳದಿಯಾದರೆ ಉಗ್ರ ವಿಷ, ನೀಲಿಯಾದರೆ ಮಧ್ಯಮ, ಹಸುರಾದರೆ ಕಡಿಮೆ. ಇಂಥ ಗುರುತಿರುವ ತೋಟದ ಮದ್ದು ಯಾವ ಬಣ್ಣದ್ದಾದರೂ ಆಹಾರ ಇಡುವ ಕಪಾಟಿಗೆ ಬೇಡ. ಸೀಮೆ‌ಎಣ್ಣೆ ಬಿಡುವ ಹಳೆಯ ಪದ್ಧತಿಯೂ ಒಳ್ಳೆಯದಲ್ಲ. ತಾಗಿದ ಹುಳ ಸತ್ತೀತು, ಎಣ್ಣೆ ಆರಿದ ಮೇಲೆ ಮತ್ತೆ ಬಂದೀತು. ಒಲೆಯ ಹತ್ತಿರ ಬೆಂಕಿಯ ಭಯ ಬೇರೆ.

ಹುಳಕ್ಕೆ ಮಾಡತಕ್ಕದ್ದು

ಮೊದಲನೆಯ ಕೆಲಸ ಉಳಿಯದು. ಹಿಟ್ಟಾದ ಬಿಳಿ ಭಾಗವನ್ನು ಗಟ್ಟಿ ಮರ ಸಿಗುವ ತನಕ ಕೆತ್ತಿ ತೆಗೆದು ಸುಟ್ಟುಬಿಡಬೇಕು. ಹುಳದ ಊಟವೇ ಹೋದರೆ ಅರ್ಧ ಕೆಲಸ ಮುಗಿಯಿತು. ಹಲಗೆಯ ಅಗಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ಆ ಹಲಗೆಯನ್ನೇ ಬದಲಿಸುವುದು ಲೇಸು.

ಎರಡನೆಯದು ಬಿಸಿಲು. ಬಿಚ್ಚಲಿಕ್ಕಾಗುವ ಹಲಗೆಗಳನ್ನು ಬಿಚ್ಚಿ, ಅಡಿಕೆ ಒಣಗಿಸುವ ಅಂಗಳದಲ್ಲಿ ಕೆಲವು ದಿನ ಮಗುಚಿ ಮಗುಚಿ ಬಿಸಿಲಿಗೆ ಇಡಿರಿ. ಮರದ ಒಳಭಾಗವೂ 55-60 ಡಿಗ್ರಿ ಸೆಲ್ಸಿಯಸ್ ತನಕ ಕಾದು ಸ್ವಲ್ಪ ಹೊತ್ತು ಹಾಗೆಯೇ ನಿಂತರೆ ಹುಳ ಬದುಕುವುದಿಲ್ಲ. ತೆಳು ಹಲಗೆಗೆ ಇದರಿಂದ ಉಪಕಾರವಿದೆ. ದಪ್ಪ ಹಲಗೆಯ ಒಳತನಕ ನಮ್ಮ ಬಿಸಿಲು ಅಷ್ಟು ಕಾಯಿಸುವುದೆಂದು ನೆಚ್ಚುವ ಹಾಗಿಲ್ಲ.

ಮೂರನೆಯದು ಬಿಳಿಗಾರ. ರಬ್ಬರ್ ಮರದಲ್ಲಿ ಪಿಷ್ಟ ಬಹಳವಾದುದರಿಂದ ಕುಟ್ಟೆಗೆ ಅದು ಹಬ್ಬದೂಟ. ಅಂಥ ಮರವನ್ನೂ ಇಂದು ಪೀಠೋಪಕರಣಕ್ಕೆ ಬಳಸುವುದು ಸಾಧ್ಯವಾದದ್ದು ಬಿಳಿಗಾರ ಮತ್ತು ಬೋರಿಕ್ ಆಸಿಡುಗಳ ನೀರಿನಿಂದ. ಪೀಚಿಯಲ್ಲಿ 1975ರಲ್ಲಿ ಸ್ಥಾಪಿತವಾದ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ಈ ಬಗ್ಗೆ ಕೆಲಸ ಮಾಡಿದ್ದಾರೆ. ಹಸಿ ಹಲಗೆಯನ್ನು ಕೊಯ್ದ ಕೂಡಲೆ ಈ ನೀರಿನಲ್ಲಿ ಮುಳುಗಿಸಿ, ಒಟ್ಟಿ ಮುಚ್ಚಿಟ್ಟರೆ, ಮದ್ದು ಹಸಿಯ ದಾರಿಯಲ್ಲಿ ಮರದ ಒಳಕ್ಕೆ ಇಳಿಯುತ್ತದೆ. ನಮ್ಮ ಕಪಾಟು ಒಣಮರ, ಹಾಗಾಗಿ ಅಷ್ಟು ಆಳಕ್ಕೆ ಹೋಗದು. ಆದರೂ ಮೇಲ್ಪದರದಲ್ಲಿ ಮದ್ದು ನಿಂತರೆ ಮುಂದಿನ ತಲೆಮಾರಿನ ಹುಳಕ್ಕೆ ಅದು ತಡೆಯಾಗುತ್ತದೆ.

ಕ್ರಮ ಹೀಗೆ: ಒಂದು ಲೀಟರು ಬಿಸಿನೀರಿಗೆ 60 ಗ್ರಾಂ ಬಿಳಿಗಾರ, 40 ಗ್ರಾಂ ಬೋರಿಕ್ ಆಸಿಡು ಹಾಕಿ ಪೂರ್ತಿ ಕರಗಿಸಿರಿ. ಹಳೆಯ ಬಣ್ಣ, ಪಾಲಿಷು, ಎಣ್ಣೆಜಿಡ್ಡು ಇದ್ದ ಕಡೆ ಈ ನೀರು ಇಳಿಯುವುದಿಲ್ಲ. ಅದನ್ನು ಕೆರೆದು ಮರವನ್ನು ಬರಿದು ಮಾಡಿಕೊಳ್ಳಬೇಕು. ಬಿಸಿಯಿರುವಾಗಲೇ ಕುಂಚದಿಂದ ಮೂರು ಸಲ ಬಳಿಯಿರಿ. ತೂತುಗಳಿಗೆ ಸಿರಿಂಜಿನಿಂದ ಬಿಡಿರಿ. ಒಂದು ವಾರ ನೆರಳಿನಲ್ಲಿ ಒಣಗಿಸಿ, ಮೇಲೆ ಬಿಳಿ ಪುಡಿ ಕಂಡರೆ ಒದ್ದೆಬಟ್ಟೆಯಿಂದ ಒರಸಿ, ಒಣಗಿದ ಮೇಲೆ ಪಾಲಿಷು ಮಾಡತಕ್ಕದ್ದು. ಈ ಮದ್ದು ನೀರಿನಲ್ಲಿ ಕರಗಿ ಹೋಗುವಂಥಾದ್ದು. ಪಾಲಿಷಿಲ್ಲದೆ ಬಿಟ್ಟರೆ ನಿಲ್ಲದು, ಆಹಾರಕ್ಕೂ ತಾಗೀತು.

ಜಾಗ್ರತೆ: ಬಿಳಿಗಾರವೂ ಹೊಟ್ಟೆಗೆ ಹೋಗಬಾರದ ವಸ್ತು. ನೋಡಲು ಉಪ್ಪಿನಂತೆ, ಸಕ್ಕರೆಯಂತೆ ಇರುವುದರಿಂದ ಮಕ್ಕಳಿರುವ ಮನೆಯಲ್ಲಿ ಉಳಿದದ್ದನ್ನು ಅಡಿಗೆಮನೆಯಲ್ಲಿಡಬೇಡಿರಿ. ಕಲಸಿದ ಪಾತ್ರೆಯನ್ನು ಮತ್ತೆ ಅಡಿಗೆಗೆ ಬಳಸಬೇಡಿರಿ. ಕೈಗೆ ರಬ್ಬರಿನ ಚೀಲ ಹಾಕಿಕೊಳ್ಳಿರಿ.

ಒರಲೆಯ ವಿಷಯ ಬೇರೆ. ಅದರ ಮನೆ ಮಣ್ಣಿನಲ್ಲಿ. ನಾಳವನ್ನು ಕೆಡವಿ ಮುರಿದ ಭಾಗ ಮುಚ್ಚಿದರೆ ಎರಡು ದಿನದಲ್ಲಿ ಬೇರೆ ನಾಳ ಬರುತ್ತದೆ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆಯಿರಿ. ಕಾಲಿನಡಿಗೆ ಕರಿಕಲ್ಲಿನ ತುಂಡು ಕೊಡಿರಿ. ಗೋಡೆಯೂ ನೆಲವೂ ಕೂಡುವ ಬಿರುಕನ್ನು ಸಿಮೆಂಟಿನಿಂದ ಮುಚ್ಚಿರಿ. ನೀರು ಸೋರುವ ಪೈಪಿದ್ದರೆ ಅದನ್ನು ಮೊದಲು ಸರಿಪಡಿಸಿರಿ, ಯಾಕೆಂದರೆ ಒರಲೆಗೆ ಮರದಷ್ಟೇ ತೇವವೂ ಬೇಕು. ಹಿಂಬದಿ ಕಣ್ಣಿಗೆ ಕಾಣುವಂತಿದ್ದರೆ ನಾಳ ಬಂದದ್ದು ಬೇಗ ತಿಳಿಯುತ್ತದೆ.

ಯಾವ ತೂತಿಗೆ ಯಾವ ಮುಚ್ಚಳ

ಮುಚ್ಚುವ ಮೊದಲು ಜಿಡ್ಡು ಹೋಗಬೇಕು. ಅಡಿಗೆಮನೆಯ ಮರಕ್ಕೆ ಒಗ್ಗರಣೆಯ ಎಣ್ಣೆಯೂ ಹೊಗೆಯೂ ಸೇರಿ ಅಂಟಿಕೊಂಡಿರುತ್ತದೆ. ಅದರ ಮೇಲೆ ಯಾವ ಅಂಟೂ ಹಿಡಿಯುವುದಿಲ್ಲ. ಅಂಟುವಾಳದ ನೊರೆಯಿಂದಲೋ ಸಾಬೂನಿನ ಬಿಸಿನೀರಿನಿಂದಲೋ ತಿಕ್ಕಿ, ಒರಸಿ, ಎರಡು ದಿನ ಒಣಗಲು ಬಿಡಿರಿ.

ಸಣ್ಣ ತೂತು: ಅದೇ ಜಾತಿಯ ಮರದ ನುಣ್ಣನೆಯ ಹುಡಿಯನ್ನು ಬಟ್ಟೆಯಲ್ಲಿ ಸೋಸಿ, ಬಡಗಿಗಳು ಬಳಸುವ ಬಿಳಿ ಅಂಟು, ಅಂದರೆ ಫೆವಿಕಾಲಿನಂಥದನ್ನು, ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಹೋಳಿಗೆಯ ಕಣಕದ ಹದಕ್ಕೆ ಕಲಸಿರಿ. ಒಳಗಿನ ಹಿಟ್ಟನ್ನು ಸೂಜಿಯಿಂದ ಕೆದಕಿ ಊದಿ ತೆಗೆದು, ಇದನ್ನು ಒತ್ತಿ ತುಂಬಿರಿ. ಒಣಗುವಾಗ ಕುಗ್ಗುವುದರಿಂದ ಮೇಲ್ಮೈಗಿಂತ ತುಸು ಉಬ್ಬಿರಲಿ. ಆಳದ ತೂತನ್ನು ಒಂದೇ ಸಲ ತುಂಬಬಾರದು. ಮೇಲೆ ಒಣಗಿ ಒಳಗೆ ಹಸಿ ನಿಂತು ಮತ್ತೆ ಕುಸಿಯುತ್ತದೆ. ದಿನಕ್ಕೊಂದು ಪದರದಂತೆ ಎರಡು ಮೂರು ಪದರ ಕೊಡಿರಿ. ನೀರು ತಾಗುವ ಕಡೆಗೆ ನೀರು ತಡೆಯುವ ಜಾತಿಯ ಅಂಟನ್ನೇ ಕೇಳಿ ತರಬೇಕು. ಗೋಡೆಗೆ ಬಳಿಯುವ ಪುಟ್ಟಿ ಮರಕ್ಕಲ್ಲ. ಮರ ಹಿಗ್ಗಿ ಕುಗ್ಗುವಾಗ ಅದು ಬಿರಿದು ಉದುರುತ್ತದೆ.

ಒಂದು ಮಾತು ನೆನಪಿರಲಿ. ಅಂಟು ಸೇರಿದ ಹುಡಿ ಪಾಲಿಷಿನ ಬಣ್ಣವನ್ನು ಮರದಷ್ಟು ಕುಡಿಯುವುದಿಲ್ಲ. ತೇಪೆ ಬೇರೆಯಾಗಿ ಕಾಣುತ್ತದೆ. ಅಂದ ಬೇಕೆನ್ನುವವರು ಮೊದಲು ಒಂದು ಬೇಡದ ತುಂಡಿನ ಮೇಲೆ ತುಂಬಿಸಿ ಪಾಲಿಷು ಮಾಡಿ ನೋಡಲಿ.

ತಿರುಪಿನ ತೂತು: ಬಿಜಾಗರಿಯ ತಿರುಪು ಸವೆದಲ್ಲಿ ಪುಟ್ಟಿ ತುಂಬಿ ತಿರುಪು ಹಾಕುವುದು ವ್ಯರ್ಥ. ತಿರುಪು ಹಿಡಿಯುವುದು ಮರದ ನಾರನ್ನು. ಪುಟ್ಟಿಗೆ ನಾರಿಲ್ಲ. ಬೈರಿಗೆಯಿಂದ ಆ ತೂತನ್ನು 8 ಮಿಲಿಮೀಟರಿಗೆ ದುಂಡಗೆ ಮಾಡಿ, ಅಷ್ಟೇ ದಪ್ಪದ ಹಲಸಿನ ಚೇಗಿನ ಬೆಣೆಯನ್ನು ಅಂಟು ಸವರಿ ಬಡಿಯಿರಿ. ಒಂದು ಹಗಲು ಒಂದು ರಾತ್ರಿ ಬಿಟ್ಟು ಸಮನಾಗಿ ಕೊಯ್ದು, ತಿರುಪಿನ ದಪ್ಪದ ಮೂರರಲ್ಲಿ ಎರಡು ಪಾಲಿನಷ್ಟು ಸಣ್ಣ ತೂತು ಕೊರೆದು, ತಿರುಪಿಗೆ ಸಾಬೂನು ಒರಸಿ ತಿರುಗಿಸಿರಿ. ಕೊರೆಯದೆ ಹಾಕಿದರೆ ಬೆಣೆ ಸೀಳುತ್ತದೆ. ಹಗುರವಾದ ಬಾಗಿಲಾದರೆ ಎರಡು ಮೂರು ಬೆಂಕಿಕಡ್ಡಿಯನ್ನು ತಲೆ ಮುರಿದು ಅಂಟಿನೊಂದಿಗೆ ತುರುಕಿದರೂ ನಡೆಯುತ್ತದೆ.

ದೊಡ್ಡ ಗುಂಡಿ: ಎರಡು ಬೆರಳಿಗಿಂತ ಅಗಲವಾದ ಜಾಗಕ್ಕೆ ಹುಡಿಯಂಟು ತುಂಬಬಾರದು, ಮರದ ತೇಪೆಯೇ ಬೇಕು. ಹಾಳಾದ ಭಾಗವನ್ನು ಗಟ್ಟಿ ಮರದ ತನಕ ಉಳಿಯಿಂದ ಕೆತ್ತಿ, ಸುಮಾರು 8-10 ಮಿಲಿಮೀಟರು ಆಳದ ಸಮತಳ ಗುಂಡಿ ಮಾಡಿರಿ. ತೇಪೆಯ ನಾರು ಹಲಗೆಯ ನಾರು ಹೋಗುವ ದಿಕ್ಕಿನಲ್ಲೇ ಇರಬೇಕು. ಅಡ್ಡ ಇಟ್ಟರೆ ಮಳೆಗಾಲಕ್ಕೆ ಒಂದು ಹಿಗ್ಗಿ ಇನ್ನೊಂದು ಹಿಗ್ಗದೆ ಅಂಟು ಬಿಡುತ್ತದೆ. ಚೌಕದ ತೇಪೆಗಿಂತ ಎರಡು ತುದಿ ಚೂಪಾದ, ದೋಣಿಯ ಆಕಾರದ ತೇಪೆ ಕಣ್ಣಿಗೆ ಕಾಣುವುದು ಕಡಿಮೆ. ನಾರನ್ನು ಅಡ್ಡವಾಗಿ ಕಡಿಯುವ ಗೆರೆಯೇ ಎದ್ದು ಕಾಣುವುದು, ದೋಣಿಯ ಆಕಾರದಲ್ಲಿ ಅಂಥ ಗೆರೆ ಇಲ್ಲ. ಅಂಟು ಹಾಕಿ, ಕಾಗದ ಹೊದಿಸಿ, ರುಬ್ಬುವ ಗುಂಡುಕಲ್ಲನ್ನೇ ಮೇಲೆ ಹೇರಿಟ್ಟು ಮರುದಿನ ಕೀಸುಳಿ ಹಾಕಿದರೆ ಆಯಿತು.

ಇಲಿಯ ತೂತು: ಇಲಿಗೆ ಹೊಸ ಮರವೆಂದರೆ ಹೊಸ ಕೆಲಸ. ಒಳಬದಿಯಿಂದ ಒಂದು ತುಂಡು ತಗಡು ಹೊಡೆದು, ಹೊರಗಿನಿಂದ ಮರದ ತೇಪೆ ಹಾಕಬೇಕು. ತಗಡಿನ ಅಂಚನ್ನು ಮಡಚಿ ಬಡಿಯದಿದ್ದರೆ ಮನೆಯವರ ಕೈ ಕೊಯ್ದೀತು. ಗಾಳಿಯಾಡಬೇಕಾದ ಕಡೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಸಾಕು. ಕೆಲಸಕ್ಕೆ ಮೊದಲು ಇಲಿ ಓಡಾಡಿದ ಜಾಗವನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ಒರಸಿರಿ. ಬರಿಗೈಯಲ್ಲಿ ಮುಟ್ಟಬೇಡಿರಿ. ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆಂಬುದನ್ನು, ಅದು ಕೈಕಾಲಿನ ಗಾಯದ ಮೂಲಕ ಹೊಗುತ್ತದೆಂಬುದನ್ನು ಮರೆಯಬಾರದು.

ಕುಂಬಾದ ಕಾಲು: ಇರುವೆ ಬಾರದಂತೆ ಕಪಾಟಿನ ಕಾಲನ್ನು ನೀರಿನ ಬಟ್ಟಲಲ್ಲಿ ಇಡುವುದು ನಮ್ಮ ಹಿರಿಯರ ಕ್ರಮ. ಇರುವೆ ಬರುವುದಿಲ್ಲ, ನಿಜ. ಆದರೆ ಮರದ ಕಡಿದ ತುದಿ ದೀಪದ ಬತ್ತಿಯಂತೆ ನೀರನ್ನು ಮೇಲಕ್ಕೆ ಹೀರಿ ಒಂದು ಗೇಣು ಎತ್ತರದ ತನಕ ಕುಂಬಾಗುತ್ತದೆ. ಕುಂಬಾದಷ್ಟನ್ನೂ ಕೊಯ್ದು, ನಾಲ್ಕು ಕಾಲನ್ನೂ ಒಂದೇ ಎತ್ತರಕ್ಕೆ ತಂದು, ಬಟ್ಟಲಿನ ನಡುವೆ ಕರಿಕಲ್ಲಿನ ತುಂಡಿಟ್ಟು ಅದರ ಮೇಲೆ ಕಾಲನ್ನು ನಿಲ್ಲಿಸಿರಿ. ನೀರು ಕಲ್ಲಿನ ಸುತ್ತ ಇರಲಿ, ಮರಕ್ಕೆ ತಾಗದಿರಲಿ. ವಾರಕ್ಕೆ ಎರಡು ಸಲ ನೀರು ಚೆಲ್ಲಿ ಬಟ್ಟಲನ್ನು ತಿಕ್ಕದಿದ್ದರೆ ಇರುವೆಯ ಬದಲು ಸೊಳ್ಳೆಯನ್ನು ಸಾಕಿದ ಹಾಗಾಗುತ್ತದೆ.

ಬಿರುಕು ತೂತಲ್ಲ

ಎರಡು ಹಲಗೆಯ ನಡುವಿನ ಸಂದಿಯನ್ನು ತೂತೆಂದು ತಿಳಿದು ಗಟ್ಟಿಯಾಗಿ ಮುಚ್ಚುವವರಿದ್ದಾರೆ. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆಂಬಷ್ಟು ಕಡಿಮೆ. ಅಗಲಕ್ಕೆ ಮಾತ್ರ ಹಿಗ್ಗುತ್ತದೆ. ಒಂದು ಅಡಿ ಅಗಲದ ಹಲಗೆ ನಮ್ಮ ಮಾರ್ಚಿಗೂ ಜುಲಾಯಿಗೂ ನಡುವೆ ಎರಡು ಮೂರು ಮಿಲಿಮೀಟರು ಬದಲಾದರೂ ಆಶ್ಚರ್ಯವಿಲ್ಲ. ಮಾರ್ಚಿಯಲ್ಲಿ ತೆರೆದ ಸಂದಿಗೆ ಗಟ್ಟಿ ಪುಟ್ಟಿ ತುಂಬಿದರೆ ಜುಲಾಯಿಯಲ್ಲಿ ಹಲಗೆಗೆ ಹಿಗ್ಗಲು ಜಾಗವಿಲ್ಲದೆ ಚೌಕಟ್ಟೇ ಬಿಚ್ಚುತ್ತದೆ ಅಥವಾ ಹಲಗೆ ಡೊಂಕಾಗುತ್ತದೆ. ಅದರಿಂದ ಸಂದಿಗೆ ಜೇನುಮೇಣದಂಥ ಮೆತ್ತನೆಯ ವಸ್ತು ಮಾತ್ರ. ಜಿರಲೆ ಬಾರದಷ್ಟು ಮುಚ್ಚಿದರೆ ಸಾಕು.

ಎಲ್ಲ ಬಗೆಯ ದುರಸ್ತಿಗೂ ಹದವಾದ ಕಾಲ ದಶಂಬರದ ಕೊನೆಯಿಂದ ಫೆಬ್ರವರಿಯ ತನಕ. ತುಲಾ ಮಳೆ ಮುಗಿದಿರುತ್ತದೆ, ಮರ ಅತಿಯಾಗಿ ಹಿಗ್ಗಿಯೂ ಇಲ್ಲ, ಅತಿಯಾಗಿ ಕುಗ್ಗಿಯೂ ಇಲ್ಲ. ಆಟಿ ತಿಂಗಳ ಬಿಡುವಿನಲ್ಲಿ ಮಾಡುವಾ ಎಂದು ಹೊರಟರೆ ಅಂಟು ಒಣಗದು, ಮರದ ಹಸಿ ಒಳಗೇ ಸಿಕ್ಕಿಕೊಂಡು ಬೂಸಲು ಬರುತ್ತದೆ.

ಮೇಲಿನ ಲೇಪ

ಪಾಲಿಷು ಅಂದಕ್ಕೆ ಮಾತ್ರ ಎಂದು ತಿಳಿಯಬಾರದು. ಕುಟ್ಟೆ ಮೊಟ್ಟೆಯಿಡುವುದು ಮರದ ತೆರೆದ ರಂಧ್ರಗಳಲ್ಲಿ. ಅವು ಮುಚ್ಚಿದ್ದರೆ ಹೊಸ ಹುಳಕ್ಕೆ ಜಾಗವಿಲ್ಲ. ನಾವು ಹೊರಮೈಗೆ ಮಾತ್ರ ಬಣ್ಣ ಬಳಿದು ಹಲಗೆಯ ಅಡಿಭಾಗ, ಹಿಂಬದಿ, ಕಡಿದ ತುದಿಗಳನ್ನು ಹಾಗೆಯೇ ಬಿಡುತ್ತೇವೆ. ಹುಳ ಹುಡುಕುವುದು ಅದನ್ನೇ. ಆರು ಬದಿಗೂ ಲೇಪ ಬೇಕು.

ಒಳಗಡೆಗೆ ಅರಗಿನ ಪಾಲಿಷು ಒಳ್ಳೆಯದು. ಒಂದು ಲೀಟರು ಸ್ಪಿರಿಟಿಗೆ 150ರಿಂದ 200 ಗ್ರಾಂ ಅರಗಿನ ಹಾಳೆ ಹಾಕಿ ರಾತ್ರಿಯಿಡೀ ಕರಗಿಸಿ, ಸೋಸಿ, ಬಟ್ಟೆಯ ಉಂಡೆಯಿಂದ ಮೂರು ನಾಲ್ಕು ಸಲ ಸವರಿರಿ. ಸ್ಪಿರಿಟು ಬೇಗ ಬೆಂಕಿ ಹಿಡಿಯುವಂಥಾದ್ದು, ಕುಡಿದರೆ ಕಣ್ಣನ್ನೂ ಪ್ರಾಣವನ್ನೂ ತೆಗೆಯುವಂಥಾದ್ದು. ಒಲೆ ಆರಿಸಿ, ಕಿಟಿಕಿ ತೆರೆದು ಕೆಲಸ ಮಾಡಬೇಕು. ಬಿಸಿ ಪಾತ್ರೆ ಇಟ್ಟರೆ ಅರಗಿನ ಮೇಲೆ ಬಿಳಿ ಕಲೆ ಬೀಳುತ್ತದೆ, ಅದೊಂದು ಕೊರತೆ.

ಅಗಸೆ ಎಣ್ಣೆಯೂ ನಡೆಯುತ್ತದೆ. ಅದು ಗಾಳಿಗೆ ಒಣಗಿ ಪೊರೆಯಾಗುವ ಎಣ್ಣೆ. ಆದರೆ ಒರಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅದು ತನ್ನಷ್ಟಕ್ಕೇ ಕಾದು ಬೆಂಕಿ ಹಿಡಿಯಬಲ್ಲುದು. ಹಗ್ಗದ ಮೇಲೆ ಹರಡಿ ಒಣಗಿಸಿ ಮತ್ತೆ ಬಿಸಾಡಿರಿ. ತೆಂಗಿನೆಣ್ಣೆ ಒಣಗುವ ಜಾತಿಯದಲ್ಲ. ಮರಕ್ಕೆ ಅದನ್ನು ಸವರಿದರೆ ಎರಡು ದಿನ ಹೊಳೆದೀತು, ಮತ್ತೆ ಕಮಟು ವಾಸನೆ ಬಂದು ಧೂಳಿಗೂ ಇರುವೆಗೂ ಆಹ್ವಾನ. ಗೇರುಬೀಜದ ಸಿಪ್ಪೆಯ ಎಣ್ಣೆ ಪಕಾಸಿಗೂ ಹೊರಗಿನ ಮರಕ್ಕೂ ಒಳ್ಳೆಯ ರಕ್ಷೆ. ಆದರೆ ತಾಗಿದರೆ ಮೈ ಸುಟ್ಟು ಬೊಬ್ಬೆಯೇಳುವಂಥ ಎಣ್ಣೆ ಅದು. ಅನ್ನ ಇಡುವ ಕಪಾಟಿನೊಳಗೆ ಅದನ್ನು ತರಬಾರದು.

ಹಳೆಯ ಬಣ್ಣವಿರುವ ಕಪಾಟಿನ ವಿಷಯದಲ್ಲಿ ಇನ್ನೊಂದು ಎಚ್ಚರ. ಹಿಂದಿನ ಬಣ್ಣಗಳಲ್ಲಿ ಸೀಸ ಬಹಳವಿರುತ್ತಿತ್ತು. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚಿರಬಾರದೆಂಬ ಕೇಂದ್ರ ಸರಕಾರದ ನಿಯಮ 2017ರ ನವಂಬರದಿಂದ ಜಾರಿಗೆ ಬಂತು. ಅದಕ್ಕೆ ಹಿಂದಿನ ಬಣ್ಣವನ್ನು ಒಣಗಿಯೇ ಉಜ್ಜಿದರೆ ಸೀಸದ ಹುಡಿ ಮಕ್ಕಳ ಉಸಿರಿಗೂ ಬಾಯಿಗೂ ಹೋಗುತ್ತದೆ. ನೀರು ತಾಗಿಸಿ ಉಜ್ಜಬೇಕು, ಕೆರೆದದ್ದನ್ನು ಕಾಗದದಲ್ಲಿ ಕಟ್ಟಿ ತೆಗೆಯಬೇಕು, ಆ ಹೊತ್ತಿಗೆ ಮಕ್ಕಳನ್ನು ಹತ್ತಿರ ಬಿಡಬಾರದು. ಬಣ್ಣದ ಹುಡಿಯನ್ನು ಒಲೆಗೆ ಹಾಕಬಾರದು.

ಹೊಸ ತರದ ಹಲಗೆಗಳು

ಈಗಿನ ಮನೆಗಳಲ್ಲಿ ಹಲಸು ತೇಗಗಳ ಬದಲು ಪ್ಲೈವುಡ್ಡೂ ಹುಡಿಯನ್ನು ಒತ್ತಿ ಮಾಡಿದ ಹಲಗೆಯೂ ಬಂದಿವೆ. ಹುಡಿಹಲಗೆ ಒಮ್ಮೆ ನೀರು ಕುಡಿದು ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಅದಕ್ಕೆ ತುಂಬಿಸಿದ್ದೂ ನಿಲ್ಲುವುದಿಲ್ಲ. ಆ ತುಂಡನ್ನು ಬದಲಿಸುವುದೇ ಸರಿ. ಪ್ಲೈವುಡ್ಡು ಕೊಳ್ಳುವವರು ಅದರ ಮೇಲಿನ ಮುದ್ರೆ ನೋಡಿರಿ. 303 ಎಂಬ ಐ.ಎಸ್. ಅಂಕೆಯಿರುವುದು ಸಾಧಾರಣ ಬಳಕೆಯದು, 710 ಎಂಬುದು ನೀರು ತಡೆಯುವ ಜಾತಿಯದು. ನೀರಿನ ತೊಟ್ಟಿಯ ಹತ್ತಿರ 710ನ್ನೇ ಹಾಕಿಸಬೇಕು. ಅಂಥ ಕಡೆಯ ಸಣ್ಣ ತೂತಿಗೆ ಎರಡು ಮುದ್ದೆಗಳನ್ನು ಬೆರಸಿ ತುಂಬುವ ಎಂ-ಸೀಲಿನಂಥ ಅಂಟು ನೀರಿಗೆ ಜಗ್ಗದೆ ನಿಲ್ಲುತ್ತದೆ.

ಕೊನೆಗೆ

ನಮ್ಮ ಕಪಾಟಿನ ಮುರಿದ ಹಲಗೆಯ ಜಾಗಕ್ಕೆ ಹಳೆಯ ಬಾಗಿಲೊಂದರ ಹಲಸಿನ ಚೇಗನ್ನು ಕೊಯ್ದು ಹಾಕಿದೆವು. ಬಾಕಿ ಹಲಗೆಗಳಿಗೆ ಬಿಳಿಗಾರ ಕೊಟ್ಟೆವು. ಹುಳ ಮರದೊಳಗೆ ವರುಷಗಟ್ಟಲೆ ಕುಳಿತಿರಬಲ್ಲುದಾದುದರಿಂದ ಎರಡು ಬೇಸಗೆ ಕಳೆಯುವ ತನಕ ಕಪ್ಪು ಕಾಗದವನ್ನು ತೆಗೆಯಲಿಲ್ಲ. ಮೊದಲನೆಯ ಬೇಸಗೆಯಲ್ಲಿ ಒಂದು ಕಡೆ ಚಿಟಿಕೆಯಷ್ಟು ಹಿಟ್ಟು ಬಿತ್ತು. ಅಲ್ಲಿಗೆ ಮತ್ತೆ ಮದ್ದು ಬಿಟ್ಟೆವು. ಎರಡನೆಯ ಬೇಸಗೆಯಲ್ಲಿ ಬೀಳಲಿಲ್ಲ. ಆಮೇಲೆಯೇ ತೂತುಗಳನ್ನು ಮುಚ್ಚಿದ್ದು.

ಇಷ್ಟೆಲ್ಲ ಮಾಡಲು ಬೇಕಾದದ್ದು ಒಂದು ಉಳಿ, ಒಂದು ಬೈರಿಗೆ, ಸ್ವಲ್ಪ ಅಂಟು, ಸ್ವಲ್ಪ ಬಿಳಿಗಾರ ಮತ್ತು ಬಹಳ ಸಾವಧಾನ. ಊರಿನ ಆಚಾರಿಯವರು ಸಿಕ್ಕಿದರೆ ಅವರ ಕೈಯಿಂದಲೇ ತೇಪೆ ಹಾಕಿಸಿರಿ. ಮನೆಯ ಮಕ್ಕಳು ಪಕ್ಕದಲ್ಲಿ ಕುಳಿತು ನೋಡಲಿ. ನಾರಿನ ದಿಕ್ಕು ಯಾವುದು, ಚೇಗು ಯಾವುದು, ಬಿಳಿ ಯಾವುದು ಎಂಬುದು ಪುಸ್ತಕದಿಂದ ಬರುವುದಕ್ಕಿಂತ ಹೀಗೆ ಬಂದರೆ ಮರೆಯುವುದಿಲ್ಲ. ಮುಂದಿನ ಸಲ ಕಪಾಟಿನಲ್ಲಿ ತೂತು ಕಂಡಾಗ ಪುಟ್ಟಿಯ ಡಬ್ಬಿಗೆ ಪೇಟೆಗೆ ಓಡುವ ಬದಲು ಕೆಳಗೆ ಒಂದು ಕಪ್ಪು ಕಾಗದ ಹಾಸಿ ಎರಡು ವಾರ ಕಾಯಿರೆಂದು ನಮ್ಮ ವಿನಂತಿ.